ಭಾನುವಾರ ಚರ್ಚೋ, ಮೈದಾನವೋ? ಸ್ಪರ್ಧೆಗಳಲ್ಲಿ ಆಡುವ ಮಕ್ಕಳಿರುವ ಕ್ರೈಸ್ತ ಮನೆಗಳಿಗೆ ಮಾರ್ಗದರ್ಶಿ

"ಮಗನಿಗೆ ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕ್ರಿಕೆಟ್ ಕೋಚಿಂಗ್, ನಮ್ಮ ಚರ್ಚಿನಲ್ಲಿ ಬಲಿಪೂಜೆ ಏಳೂವರೆಗೆ. ಏನು ಮಾಡೋದು?" ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕ್ರಿಕೆಟ್ ಇದ್ದ ಜಾಗದಲ್ಲಿ ಒಮ್ಮೆ ಬ್ಯಾಡ್ಮಿಂಟನ್, ಒಮ್ಮೆ ಈಜು, ಒಮ್ಮೆ ಚೆಸ್ ಇರುತ್ತದೆ. ಬಲಿಪೂಜೆಯ (ಕಥೋಲಿಕರ ಮಾಸ್) ಜಾಗದಲ್ಲಿ ದಕ್ಷಿಣ ಭಾರತದ ಪ್ರಾಟೆಸ್ಟೆಂಟರ ಸಿಎಸ್‌ಐ ಸಭೆಯ ಆರಾಧನೆ, ಸಂಡೇ ಸ್ಕೂಲ್. ಕೇಳುವವರ ಸಂಕಟ ಮಾತ್ರ ಒಂದೇ. ಮಗುವಿನ ಪ್ರತಿಭೆಗೆ ನಾವೇ ಅಡ್ಡ ಬಂದ ಹಾಗೆ ಆಗಬಾರದು, ದೇವರನ್ನು ಕೈಬಿಟ್ಟ ಹಾಗೂ ಆಗಬಾರದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಪ್ರತಿ ಶನಿವಾರ ರಾತ್ರಿ ತೀರ್ಮಾನಿಸಲು ಹೋದರೆ ಪ್ರತಿ ಶನಿವಾರ ರಾತ್ರಿಯೂ ಜಗಳ. ಚರ್ಚಿನ ಕ್ಯಾಲೆಂಡರ್, ಆಟದ ಕ್ಯಾಲೆಂಡರ್ ಎರಡನ್ನೂ ಎದುರಿಗಿಟ್ಟುಕೊಂಡು ಮುಂಚಿತವಾಗಿ ತೀರ್ಮಾನಿಸಿದರೆ ಜಗಳದ ಬಹುಪಾಲು ಹುಟ್ಟುವುದೇ ಇಲ್ಲ. ಹೇಗೆ ಎಂಬುದು ಮುಂದಿದೆ. ಇದನ್ನು ಮುಖ್ಯವಾಗಿ ಕರ್ನಾಟಕದ ಕಥೋಲಿಕ ಮತ್ತು ಸಿಎಸ್‌ಐ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉಳಿದ ಸಭೆಗಳವರು ತಮ್ಮ ಪದ್ಧತಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಏನೇನು ಬೇಕು

ನಿಮ್ಮ ಧರ್ಮಕೇಂದ್ರದ ಅಥವಾ ಸಭೆಯ ಆರಾಧನೆಗಳ ವೇಳಾಪಟ್ಟಿ, ಎಲ್ಲ ಭಾಷೆಗಳದ್ದೂ ಸೇರಿ. ಪಕ್ಕದ ಒಂದೆರಡು ಚರ್ಚುಗಳದ್ದೂ ಇರಲಿ. ಮಗು ಆಡುವ ಆಟದ ರಾಜ್ಯ ಸಂಸ್ಥೆ ಪ್ರಕಟಿಸುವ ಟೂರ್ನಿ ಪಟ್ಟಿ. ಅಕಾಡೆಮಿಯ ತರಬೇತಿ ಸಮಯ. ದೊಡ್ಡದೊಂದು ಗೋಡೆ ಕ್ಯಾಲೆಂಡರ್, ಎರಡು ಬಣ್ಣದ ಪೆನ್ನು. ಜತೆಗೆ ಮಗು. ಅದು ಮಲಗಿದ ಮೇಲೆ ಅಪ್ಪ ಅಮ್ಮ ಕೂತು ಮಾಡಿದ ನಿಯಮವನ್ನು ಅದು ಪಾಲಿಸುವುದಿಲ್ಲ.

ಹಂತ 1: ತಪ್ಪಿದ ಭಾನುವಾರಗಳ ಲೆಕ್ಕ ತೆಗೆಯಿರಿ

ಕಳೆದ ಮೂರು ತಿಂಗಳಲ್ಲಿ ಯಾವ ಯಾವ ಭಾನುವಾರ ಚರ್ಚಿಗೆ ಹೋಗಲಾಗಲಿಲ್ಲ, ಪ್ರತಿಯೊಂದಕ್ಕೂ ಏನು ಕಾರಣ ಎಂದು ಬರೆಯಿರಿ. ಪಂದ್ಯವಿತ್ತೇ, ಬರೀ ತರಬೇತಿಯೇ, ಆಯ್ಕೆ ಶಿಬಿರವೇ, ಬೇರೆ ಊರಿನ ಪ್ರಯಾಣವೇ, ಅಥವಾ ಶನಿವಾರದ ಪಂದ್ಯ ಮುಗಿಸಿ ಬಂದ ದಣಿವಿಗೆ ಎಲ್ಲರೂ ಮಲಗಿಬಿಟ್ಟಿರಾ?

ಬರೆದವರಲ್ಲಿ ಹೆಚ್ಚಿನವರಿಗೆ ಕಾಣುವುದು ಒಂದೇ. ದೊಡ್ಡ ಪಂದ್ಯಗಳು ತಿಂದ ಭಾನುವಾರಗಳು ಕೆಲವೇ ಕೆಲವು, ತರಬೇತಿ ಮತ್ತು ದಣಿವು ತಿಂದದ್ದೇ ಜಾಸ್ತಿ. ಇದು ಒಳ್ಳೆಯ ಸುದ್ದಿ ಎಂದೇ ನನ್ನ ಅಭಿಪ್ರಾಯ. ಪಂದ್ಯದ ಸಮಯ ನಮ್ಮ ಕೈಯಲ್ಲಿಲ್ಲ, ತರಬೇತಿಯ ಸಮಯ ಮಾತ್ರ ಕೇಳಿದರೆ ಬದಲಾಗಬಹುದು. ವಾದ ಮಾಡುವುದಿದ್ದರೆ ಫೈನಲ್ ಪಂದ್ಯದ ಮೇಲೆ ಮಾಡಬೇಡಿ, ಭಾನುವಾರ ಬೆಳಗಿನ ನೆಟ್ಸ್ ಮೇಲೆ ಮಾಡಿ.

ಹಂತ 2: ನಿಮ್ಮ ಚರ್ಚು ನಿಜವಾಗಿ ಏನು ಕೇಳುತ್ತದೆ ಎಂದು ತಿಳಿಯಿರಿ

ಇಲ್ಲಿ ಕೇಳಿದ ಮಾತುಗಳು ಜಾಸ್ತಿ, ಓದಿದ್ದು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಥೋಲಿಕರಿಗೆ ಭಾನುವಾರದ ಬಲಿಪೂಜೆ ಕಡ್ಡಾಯ ಕರ್ತವ್ಯ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1247ನೇ ವಿಧಿ ಇದನ್ನು ಹೇಳುತ್ತದೆ. ಆದರೆ ಮರುವಿಧಿ, ಅಂದರೆ 1248, ಆಡುವ ಮಕ್ಕಳ ತಂದೆತಾಯಿಗಳಿಗೆ ಗೊತ್ತಿರಲೇಬೇಕಾದ ಎರಡು ಅನುಕೂಲಗಳನ್ನು ಕೊಡುತ್ತದೆ. ಒಂದು, ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರ್ಣವಾಗುತ್ತದೆ. ಎರಡು, ಯಾವುದೇ ಕಥೋಲಿಕ ಆರಾಧನಾ ಪದ್ಧತಿಯಲ್ಲಿ, ಎಲ್ಲೇ ನಡೆದ ಬಲಿಪೂಜೆಯಾದರೂ ಆದೀತು. ನಿಮ್ಮದು ಕನ್ನಡ ಧರ್ಮಕೇಂದ್ರವಾದರೂ ಆ ವಾರ ಸಂಜೆಯ ತಮಿಳು, ಕೊಂಕಣಿ ಅಥವಾ ಇಂಗ್ಲಿಷ್ ಪೂಜೆಗೆ, ಕೇರಳ ಮೂಲದ ಕಥೋಲಿಕ ಶಾಖೆಯಾದ ಸಿರೋ-ಮಲಬಾರ್ ಚರ್ಚಿನ ಮಲಯಾಳಂ ಪೂಜೆಗೆ ಹೋಗಬಹುದು. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಭಾನುವಾರ ಸಂಜೆ ಎಲ್ಲಿಯೂ ಪೂಜೆ ಇಲ್ಲ ಎನ್ನುವುದು ಅಪರೂಪ.

ಗಂಭೀರ ಕಾರಣವಿದ್ದು ಹೋಗಲು ಸಾಧ್ಯವೇ ಆಗದಿದ್ದರೆ? 1245ನೇ ವಿಧಿಯ ಪ್ರಕಾರ ಯೋಗ್ಯ ಕಾರಣಕ್ಕಾಗಿ ನಿಮ್ಮ ಧರ್ಮಕೇಂದ್ರದ ಗುರುಗಳು ಆ ದಿನದ ಕರ್ತವ್ಯದಿಂದ ವಿನಾಯಿತಿ ಕೊಡಬಹುದು, ಅಥವಾ ಅದರ ಬದಲಿಗೆ ಬೇರೊಂದು ಭಕ್ತಿಕಾರ್ಯವನ್ನು ಸೂಚಿಸಬಹುದು. ಆದರೆ ಇದನ್ನು ಮುಂಚೆ ಕೇಳಬೇಕು. ಪಂದ್ಯ ಮುಗಿಸಿ ಬಂದು "ಫಾದರ್, ಪರವಾಗಿಲ್ಲ ಅಲ್ವಾ?" ಅನ್ನುವುದು ವಿನಾಯಿತಿ ಕೇಳಿದ ಹಾಗಲ್ಲ.

ಎಚ್ಚರಿಕೆ: ಕಾರಿನಲ್ಲಿ ಹೋಗುತ್ತಾ ಮೊಬೈಲಿನಲ್ಲಿ ನೇರಪ್ರಸಾರದ ಪೂಜೆ ನೋಡಿದರೆ ಕರ್ತವ್ಯ ಮುಗಿಯಿತು ಎಂದು ಕೋವಿಡ್ ನಂತರ ತುಂಬಾ ಜನ ನಂಬಿದ್ದಾರೆ. ಹಾಸಿಗೆ ಹಿಡಿದವರಿಗೆ ಅದು ಸಮಾಧಾನ. ಚರ್ಚಿಗೆ ಹೋಗಬಲ್ಲವರಿಗೆ ಅದು ಹಾಜರಿಯ ಬದಲಿ ಅಲ್ಲ.

ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯ, ಮುಂಚಿನ ಉಪವಾಸದ ಬಗ್ಗೆಯೂ ಅನಗತ್ಯ ಭಯವಿದೆ. ನಿಯಮ ಇರುವುದು ಪರಮಪ್ರಸಾದ ಸ್ವೀಕರಿಸುವ ಮುಂಚಿನ ಒಂದು ಗಂಟೆಗೆ. ಪೂಜೆ ಶುರುವಾಗುವ ಮುಂಚಿನ ಒಂದು ಗಂಟೆಗಲ್ಲ. ನೀರು, ಔಷಧಿ ಲೆಕ್ಕಕ್ಕೆ ಬರುವುದಿಲ್ಲ. ಏಳಕ್ಕೆ ಓಟ ಮುಗಿಸಿದ ಮಗು ತಕ್ಷಣ ಬಾಳೆಹಣ್ಣು ತಿಂದು, ಏಳೂವರೆ ಪೂಜೆಗೆ ಬಂದು, ಎಂಟೂ ಹತ್ತಕ್ಕೆ ಪರಮಪ್ರಸಾದ ಸ್ವೀಕರಿಸಿದರೆ ಏನೂ ತಪ್ಪಿಲ್ಲ. ಬೆವರು ಸುರಿಸಿ ಬಂದ ಮಗುವನ್ನು ಒಂದು ಲೋಟ ನೀರೂ ಕೊಡದೆ ಪೀಠದ ಮುಂದೆ ನಿಲ್ಲಿಸಿ ತಲೆಸುತ್ತು ಬರಿಸಬೇಡಿ.

ಸಿಎಸ್‌ಐ ಮತ್ತು ಇತರ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೀಗೆ ವಿಧಿ ಸಂಖ್ಯೆ ಹಾಕಿದ ಕಾನೂನು ಇಲ್ಲ. ಸಭೆಯಾಗಿ ಕೂಡಿಬರುವುದನ್ನು ಬಿಟ್ಟುಬಿಡಬಾರದು ಎಂಬ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದ ಮಾತೇ ಆಧಾರ. ಇಲ್ಲಿ ತೊಡಕು ಬೇರೆ. ದೊಡ್ಡ ಊರಿನ ಸಭೆಗಳಲ್ಲಿ ಬೆಳಿಗ್ಗೆ ಬೇರೆ ಬೇರೆ ಭಾಷೆಯ ಎರಡು ಮೂರು ಆರಾಧನೆಗಳಿರುತ್ತವೆ, ಸಂಜೆ ಒಂದಿದ್ದರೂ ಇರಬಹುದು. ಆದರೆ ಸಂಡೇ ಸ್ಕೂಲ್ ನಡೆಯುವುದು ಒಂದೇ ಹೊತ್ತಿಗೆ. ಹಾಗಾಗಿ ಮಗು ಆರಾಧನೆಗೆ ಹೋದರೂ ಪಾಠ ತಪ್ಪುತ್ತದೆ. ಪೆಂತೆಕೋಸ್ತ ಸಭೆಗಳಲ್ಲಿ ಆರಾಧನೆಯೇ ಎರಡು ಮೂರು ಗಂಟೆ ನಡೆಯುವುದರಿಂದ "ಮುಗಿಸಿಕೊಂಡು ಮೈದಾನಕ್ಕೆ ಓಡೋಣ" ಎಂಬ ಲೆಕ್ಕ ನಡೆಯುವುದಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟರಿಗೆ ಸಬ್ಬತ್ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ. ಅವರಿಗೆ ಭಾನುವಾರದ ಪಂದ್ಯ ಸುಲಭ, ಶನಿವಾರದ ಶಾಲಾ ಕ್ರೀಡಾಕೂಟ ಕಷ್ಟ.

ಹಂತ 3: ನಿಮ್ಮ ಆಟ ವಾರಾಂತ್ಯವನ್ನು ಹೇಗೆ ಬಳಸುತ್ತದೆ ನೋಡಿ

ಎಲ್ಲ ಆಟಗಳೂ ಒಂದೇ ರೀತಿ ಭಾನುವಾರವನ್ನು ಕೇಳುವುದಿಲ್ಲ.

ಟೆನಿಸ್‌ನಲ್ಲಿ ಅಖಿಲ ಭಾರತ ಟೆನಿಸ್ ಸಂಸ್ಥೆಯ ಜೂನಿಯರ್ ಟೂರ್ನಿಗಳ ಅರ್ಹತಾ ಸುತ್ತು, ಅಂದರೆ ಕಡಿಮೆ ರ್‍ಯಾಂಕಿಂಗ್ ಇರುವವರು ಮುಖ್ಯ ಪಟ್ಟಿಗೆ ಬರಲು ಆಡುವ ಪಂದ್ಯಗಳು, ಸಾಮಾನ್ಯವಾಗಿ ಶನಿವಾರ ಭಾನುವಾರ ನಡೆಯುತ್ತವೆ. ಮುಖ್ಯ ಸುತ್ತು ಸೋಮವಾರದಿಂದ. ರ್‍ಯಾಂಕಿಂಗ್ ಏರಿದ ಮೇಲೆ ಭಾನುವಾರದ ತೊಂದರೆ ತಾನಾಗಿ ಕಡಿಮೆಯಾಗುತ್ತದೆ, ಆದರೆ ಶಾಲೆ ತಪ್ಪುವುದು ಶುರುವಾಗುತ್ತದೆ!

ಚೆಸ್ ಇದರಲ್ಲಿ ಉದಾರಿ. ಒಂದೇ ಭಾನುವಾರದಲ್ಲಿ ಮುಗಿಯುವ ರ್‍ಯಾಪಿಡ್ ಟೂರ್ನಿಗಳು ಇಡೀ ದಿನ ತಿನ್ನುತ್ತವೆ, ನಿಜ. ಹಲವು ದಿನ ನಡೆಯುವ ಸ್ವಿಸ್ ಪದ್ಧತಿಯ, ಅಂದರೆ ಸೋತರೂ ಹೊರಬೀಳದೆ ಎಲ್ಲ ಸುತ್ತು ಆಡುವ, ಟೂರ್ನಿಗಳಲ್ಲಿ ಮಾತ್ರ, ನಿಯಮಾವಳಿ ಅವಕಾಶ ಕೊಟ್ಟಿದ್ದರೆ, ಒಂದು ಸುತ್ತು ಆಡದೆ ಅರ್ಧ ಅಂಕ ಪಡೆಯುವ "ಬೈ" ಕೇಳಬಹುದು. ಮೊದಲ ಸುತ್ತುಗಳಿಗಷ್ಟೇ ಇದನ್ನು ಕೊಡುವುದು ರೂಢಿ. ಟೂರ್ನಿಯ ಕರಪತ್ರದಲ್ಲಿ ಓದಿ, ಶುರುವಾಗುವ ಮುಂಚೆಯೇ ಮುಖ್ಯ ತೀರ್ಪುಗಾರರಿಗೆ ಬರೆದು ಕೊಡಿ.

ಈಜು ಮತ್ತು ಅಥ್ಲೆಟಿಕ್ಸ್‌ನಲ್ಲಿ ಸ್ಪರ್ಧೆಗಳ ಕ್ರಮ ಮುಂಚೆಯೇ ಸಿಗುತ್ತದೆ. ಬೆಳಿಗ್ಗೆ ಹೀಟ್ಸ್, ಅಂದರೆ ಫೈನಲ್‌ಗೆ ಆರಿಸುವ ಪ್ರಾಥಮಿಕ ಸುತ್ತು; ಸಂಜೆ ಫೈನಲ್. ಮಗುವಿನ ಸ್ಪರ್ಧೆ ಯಾವ ದಿನ ಎಂದು ನೋಡಿದರೆ ಮೂರು ದಿನದ ಕೂಟದಲ್ಲಿ ಭಾನುವಾರ ಬಿಡುವಾಗಿಯೇ ಇರಬಹುದು. ಇಡೀ ಕೂಟಕ್ಕೆ ಹೆದರುವ ಮುನ್ನ ಪಟ್ಟಿ ಓದಿ.

ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಥರದ ನಾಕೌಟ್ ಆಟಗಳಲ್ಲಿ ಸೋತರೆ ಭಾನುವಾರ ಖಾಲಿ, ಗೆದ್ದರೆ ಭಾನುವಾರವೇ ಫೈನಲ್. ಇಲ್ಲಿ ಪ್ರವೇಶ ಶುಲ್ಕ ಕಟ್ಟುವ ದಿನವೇ ತೀರ್ಮಾನವಾಗಬೇಕು. ಸೆಮಿಫೈನಲ್ ಗೆದ್ದ ಶನಿವಾರ ಸಂಜೆ "ನಾಳೆ ಆಡೋದು ಬೇಡ" ಎಂದರೆ ಮಗುವಿನ ಮನಸ್ಸಿಗೂ ಪೆಟ್ಟು, ಆ ಜಾಗಕ್ಕೆ ಬರಬಹುದಾಗಿದ್ದ ಇನ್ನೊಂದು ಮಗುವಿಗೂ ಅನ್ಯಾಯ.

ಕ್ರಿಕೆಟ್, ಫುಟ್‌ಬಾಲ್, ಹಾಕಿ ತಂಡದ ಆಟಗಳು. ಹನ್ನೊಂದು ಜನರಲ್ಲಿ ಒಬ್ಬ ಬಾರದಿದ್ದರೆ ಹತ್ತು ಜನಕ್ಕೆ ತೊಂದರೆ. ಒಪ್ಪಿಕೊಂಡ ಮೇಲೆ ತಪ್ಪಿಸುವಂತಿಲ್ಲ. ಹಾಗಾಗಿ ಒಪ್ಪಿಕೊಳ್ಳುವ ಮುಂಚೆಯೇ ಹೇಳಬೇಕು.

ಶಿಕ್ಷಣ ಇಲಾಖೆ ನಡೆಸುವ ತಾಲ್ಲೂಕು, ಜಿಲ್ಲಾ, ವಿಭಾಗ ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಶಾಲಾ ದಿನಗಳಲ್ಲೇ ನಡೆಯುವುದರಿಂದ ಭಾನುವಾರದ ಗೋಜು ಕಡಿಮೆ.

ಹಂತ 4: ಎರಡು ಕ್ಯಾಲೆಂಡರ್ ಒಂದು ಮಾಡಿ

ಒಂದು ಬಣ್ಣದಲ್ಲಿ ಆಟ, ಇನ್ನೊಂದು ಬಣ್ಣದಲ್ಲಿ ಚರ್ಚು. ಭಾನುವಾರಗಳಷ್ಟೇ ಸಾಲದು. ಮಗುವಿನ ಪ್ರಥಮ ಪರಮಪ್ರಸಾದ ಅಥವಾ ದೃಢೀಕರಣದ (ಕನ್ಫರ್ಮೇಶನ್ ಸಂಸ್ಕಾರ) ತರಗತಿಗಳು, ಅದರ ಧ್ಯಾನಕೂಟ, ಸಂಡೇ ಸ್ಕೂಲ್ ಪರೀಕ್ಷೆ, ಬೇಸಿಗೆಯ ವಿಬಿಎಸ್, ಅಂದರೆ ರಜಾ ವೇದಶಾಲೆ, ಡಿಸೆಂಬರ್‌ನ ಕ್ಯಾರಲ್ ಅಭ್ಯಾಸ, 31ರ ರಾತ್ರಿಯ ಆರಾಧನೆ ಎಲ್ಲವೂ ಬರಲಿ.

ಸಿಕ್ಕಿಹಾಕಿಸುವ ಜಾಗಗಳು ಇವು. ಈಸ್ಟರ್ ಪ್ರತಿ ವರ್ಷ ಜಾಗ ಬದಲಿಸುತ್ತದೆ. 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಬೇಗ ಬಂದರೆ ಪರೀಕ್ಷೆಯ ಜತೆ, ತಡವಾಗಿ ಬಂದರೆ ಬೇಸಿಗೆ ಶಿಬಿರದ ಜತೆ ತಾಕುತ್ತದೆ. ಶುಭ ಶುಕ್ರವಾರ ಸರ್ಕಾರಿ ರಜೆಯಾದ್ದರಿಂದ ಶುಕ್ರ, ಶನಿ, ಭಾನು ಸೇರಿ ಮೂರು ದಿನದ ಟೂರ್ನಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ನಮಗೆ ವರ್ಷದ ಅತಿ ಪವಿತ್ರ ಮೂರು ದಿನಗಳು ಆಯೋಜಕರಿಗೆ ಅತಿ ಅನುಕೂಲದ ಮೂರು ದಿನಗಳು. ಬೇಕೆಂದು ಮಾಡುವುದಲ್ಲ, ಗೊತ್ತಿರುವುದಿಲ್ಲ ಅಷ್ಟೆ. ಬೆಳಿಗ್ಗೆ "ಹ್ಯಾಪಿ ಗುಡ್ ಫ್ರೈಡೇ" ಎಂದು ಮೆಸೇಜ್ ಕಳಿಸಿ, ಅದೇ ಗುಂಪಿನಲ್ಲಿ "ಇವತ್ತು ರಜೆ ಇರೋದ್ರಿಂದ ಎರಡು ಸೆಷನ್" ಎಂದು ಹಾಕುವ ಕೋಚ್ ಕ್ರೈಸ್ತ ಮನೆಗಳಿಗೆಲ್ಲ ಪರಿಚಿತರೇ.

ಆಗಸ್ಟ್ 15 ಸ್ವಾತಂತ್ರ್ಯ ದಿನ, ಅಂದೇ ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ. ಆ ದಿನ ಒಂದು ದಿನದ ಟೂರ್ನಿಗಳು ಸಾಲು ಸಾಲು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ: ಮಂಗಳೂರಿನವರಿಗೆ ಮೊಂತಿ ಹಬ್ಬ, ಬೆಂಗಳೂರಿನವರಿಗೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಜಾತ್ರೆ. ಒಂಬತ್ತು ದಿನದ ಪ್ರಾರ್ಥನೆಯಾದ ನವೇನ ಆಗಸ್ಟ್ ಕೊನೆಯಲ್ಲೇ ಶುರು. ಶಾಲಾ ಕ್ರೀಡಾಕೂಟಗಳ ಋತುವೂ ಅದೇ.

ತಪಸ್ಸು ಕಾಲದ, ಅಂದರೆ ಈಸ್ಟರ್ ಮುಂಚಿನ ನಲವತ್ತು ದಿನಗಳ, ಊಟದ ಬಗ್ಗೆ ಒಂದು ಮಾತು. ಸಂಹಿತೆಯ ಪ್ರಕಾರ ಮಾಂಸ ವರ್ಜನೆ 14 ವರ್ಷ ತುಂಬಿದವರಿಗೆ, ಉಪವಾಸ 18 ತುಂಬಿದವರಿಂದ 59ರವರೆಗಿನವರಿಗೆ. ಹನ್ನೆರಡರ ಈಜುಗಾರ್ತಿಗೆ ಎರಡೂ ಕಡ್ಡಾಯವಲ್ಲ. ನಲವತ್ತು ದಿನವೂ ಮನೆಯಲ್ಲಿ ಮಾಂಸ ಮಾಡದ ಪದ್ಧತಿ ಇದ್ದರೆ ಅದು ಸುಂದರ ಪದ್ಧತಿಯೇ. ಮೊಟ್ಟೆ, ಹಾಲು, ಮೀನು, ಬೇಳೆ, ಕಡಲೆಕಾಯಿ ತಟ್ಟೆಯಲ್ಲಿರಲಿ. ಬೆಳೆಯುವ ಮಗು ದಿನಕ್ಕೆ ಮೂರು ಗಂಟೆ ಈಜಿ ಅನ್ನ ಸಾರಿನಲ್ಲಿ ದಿನ ನೂಕಬಾರದು.

ಹಂತ 5: ಮನೆಯ ನಿಯಮ ಬರೆಯಿರಿ

ಕ್ರೀಡಾ ಇತಿಹಾಸದಲ್ಲಿ ಇದಕ್ಕೆ ಒಂದೇ ಉತ್ತರ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಎರಿಕ್ ಲಿಡಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಂದದ್ದರಿಂದ ಓಡಲಿಲ್ಲ, 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನಮ್ಮ ಪ್ರವಚನಗಳಲ್ಲಿ ಈ ಕತೆ ಬರುವಾಗ ಒಂದು ಭಾಗ ಬಿಟ್ಟುಹೋಗುತ್ತದೆ. ಅವರು ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಲಿಲ್ಲ. ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು, ಆಗಲೇ ನಿರ್ಧರಿಸಿ ಆ ತಿಂಗಳುಗಳನ್ನು 400 ಮೀಟರ್ ತಯಾರಿಗೆ ಬಳಸಿದರು. ನ್ಯೂಜಿಲೆಂಡ್ ರಗ್ಬಿ ಆಟಗಾರ ಮೈಕೆಲ್ ಜೋನ್ಸ್ 1987ರ ವಿಶ್ವಕಪ್ ಸೆಮಿಫೈನಲ್ ಭಾನುವಾರ ಇದ್ದದ್ದರಿಂದ ಆಡಲಿಲ್ಲ, ಮುಂದಿನ ಶನಿವಾರದ ಫೈನಲ್ ಆಡಿದರು. ಇಂಗ್ಲೆಂಡಿನ ತ್ರಿವಿಧ ಜಿಗಿತಗಾರ ಜೊನಾಥನ್ ಎಡ್ವರ್ಡ್ಸ್ ಇದೇ ಕಾರಣಕ್ಕೆ 1991ರ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟರು, 1993ರಲ್ಲಿ ಮನಸ್ಸು ಬದಲಿಸಿ ಭಾನುವಾರವೂ ಸ್ಪರ್ಧಿಸಲು ಶುರುಮಾಡಿದರು, 1995ರಲ್ಲಿ 18.29 ಮೀಟರ್ ಜಿಗಿದು ವಿಶ್ವದಾಖಲೆ ಬರೆದರು. ಮುಂದೆ, ಆಟದಿಂದ ನಿವೃತ್ತರಾದ ಮೇಲೆ, ಅವರು ನಂಬಿಕೆಯನ್ನೇ ಬಿಟ್ಟರು. ಭಾನುವಾರ ಜಿಗಿದದ್ದೇ ಅದಕ್ಕೆ ಕಾರಣ ಎಂದು ಮಕ್ಕಳನ್ನು ಹೆದರಿಸಲು ಈ ಕತೆ ಬಳಸಬೇಡಿ. ಮನುಷ್ಯರ ಬದುಕು ಅಷ್ಟು ಸರಳವಲ್ಲ.

ನಿಮ್ಮ ಮನೆಯ ನಿಯಮ ಮೂರು ರೀತಿಯಲ್ಲಿ ಇರಬಹುದು. ಭಾನುವಾರ ಆಟವೇ ಇಲ್ಲ. ಇದು ಸ್ಪಷ್ಟ, ಬೆಲೆಯೂ ಹೆಚ್ಚು, ತಂಡದ ಆಟಗಳಲ್ಲಿ ಬಹಳ ಮುಂದೆ ಹೋಗುವುದು ಕಷ್ಟ. ಅಥವಾ ಭಾನುವಾರ ಬೆಳಿಗ್ಗೆ ತರಬೇತಿ ಇಲ್ಲ, ಪಂದ್ಯವಿದ್ದರೆ ಶನಿವಾರ ಸಂಜೆ ಇಲ್ಲವೇ ಭಾನುವಾರ ಸಂಜೆ ಚರ್ಚು. ಅಥವಾ ಒಂದು ಋತುವಿಗೆ ಇಂತಿಷ್ಟೇ ಭಾನುವಾರ ಎಂದು ಮಿತಿ. ಮಿತಿ ತಲುಪಿದ ಮೇಲೆ ಯಾವ ಟೂರ್ನಿ ಬೇಕು, ಯಾವುದು ಬೇಡ ಎಂದು ಮಗುವೇ ಆರಿಸಲಿ. ಹತ್ತರಿಂದ ಹದಿನಾಲ್ಕರ ಮಕ್ಕಳಿರುವ ಮನೆಗೆ ಎರಡನೆಯದೇ ಸರಿ ಎಂದು ನನಗನ್ನಿಸುತ್ತದೆ. ಮೂರನೆಯದು ದೊಡ್ಡ ಮಕ್ಕಳಿಗೆ ಚೆನ್ನ, ಆದರೆ ಲೆಕ್ಕ ಇಡುವ ಶಿಸ್ತು ಬೇಕು. ಯಾವುದನ್ನೇ ಆರಿಸಿದರೂ ಮುಟ್ಟಬಾರದ ದಿನಗಳ ಪಟ್ಟಿ ಪಕ್ಕದಲ್ಲಿರಲಿ: ಶುಭ ಶುಕ್ರವಾರ, ಈಸ್ಟರ್, ಕ್ರಿಸ್ಮಸ್, ಮಗುವಿನ ಸ್ವಂತ ಸಂಸ್ಕಾರದ ದಿನ.

ಎಚ್ಚರಿಕೆ: ಅಪ್ಪ ಒಂದು, ಅಮ್ಮ ಇನ್ನೊಂದು ಹೇಳುವ ಮನೆಯಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ. ಅಜ್ಜಿಯನ್ನೂ ಕೂರಿಸಿಕೊಂಡೇ ಮಾತಾಡಿ. ಇಲ್ಲವಾದರೆ ಅವರು ಭಾನುವಾರ ಬೆಳಿಗ್ಗೆ ಜಪಸರ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಹಂತ 6: ಕೋಚ್ ಹತ್ತಿರ ಮಾತಾಡಿ

ಯಾವಾಗ? ಅಕಾಡೆಮಿಗೆ ಸೇರಿಸುವ ದಿನ, ಇಲ್ಲವೇ ಹೊಸ ಋತು ಶುರುವಾಗುವ ಮುಂಚೆ. ತಂಡ ಪ್ರಕಟವಾದ ಮೇಲೆ ಬೇಡ. ಎದುರಿಗೆ ನಿಂತು ಹೇಳಿ, ಆಮೇಲೆ ಒಂದು ಮೆಸೇಜಿನಲ್ಲಿ ಬರೆದೂ ಕಳಿಸಿ. ಮಾದರಿ ಹೀಗಿರಲಿ:

"ಸರ್, ನಮಸ್ಕಾರ. ನಾವು ಕ್ರೈಸ್ತರು, ಭಾನುವಾರ ಬೆಳಿಗ್ಗೆ ಚರ್ಚಿನ ಆರಾಧನೆ ಇರುತ್ತೆ. ಹಾಗಾಗಿ ಭಾನುವಾರದ ಬೆಳಗಿನ ಪ್ರಾಕ್ಟೀಸಿಗೆ ಮಗಳು ಒಂಬತ್ತೂವರೆ ಮೇಲೆ ಬರ್ತಾಳೆ. ತಪ್ಪಿದ ಫಿಟ್ನೆಸ್ಸನ್ನ ಶನಿವಾರ ಸಂಜೆ ಮಾಡಿಸ್ತೀವಿ. ಭಾನುವಾರ ಪಂದ್ಯ ಇದ್ರೆ ಖಂಡಿತ ಬರ್ತಾಳೆ. ಗುಡ್ ಫ್ರೈಡೇ, ಈಸ್ಟರ್, ಕ್ರಿಸ್ಮಸ್ ದಿನ ಮಾತ್ರ ಬರೋಕಾಗಲ್ಲ, ಆ ತಾರೀಕುಗಳನ್ನ ಈಗಲೇ ಕಳಿಸ್ತಿದ್ದೀನಿ."

ಇದರಲ್ಲಿ ನಾಲ್ಕು ಅಂಶಗಳಿವೆ: ಕಾರಣ, ಏನು ಆಗುವುದಿಲ್ಲ, ಅದರ ಬದಲಿಗೆ ಏನು ಮಾಡುತ್ತೀರಿ, ಯಾವುದಕ್ಕೆ ಖಂಡಿತ ಬರುತ್ತೀರಿ. ಕೋಚ್‌ಗಳಿಗೆ ಬೇಕಾದ್ದು ಈ ಕೊನೆಯದು. ಧರ್ಮದ ವಿವರಣೆಗಿಂತ "ಬರ್ತಾಳೋ ಇಲ್ವೋ" ಎಂಬ ಖಾತ್ರಿ ಅವರಿಗೆ ಮುಖ್ಯ.

ಪ್ರತಿ ಭಾನುವಾರ "ಹುಷಾರಿಲ್ಲ ಸರ್" ಎಂದು ಕಳಿಸುವುದು ಈ ಹಂತದ ಅತಿ ದೊಡ್ಡ ತಪ್ಪು. ಚರ್ಚಿಗೆ ಹೋಗಲು ಸುಳ್ಳು ಹೇಳಿದ್ದನ್ನು ಮಗು ನೋಡುತ್ತದೆ.

ನಿಜ ಹೇಳಿದ ಮೇಲೂ ಬೆಲೆ ತೆರಬೇಕಾಗಿ ಬರಬಹುದು. ಹೆಚ್ಚು ಅಭ್ಯಾಸಕ್ಕೆ ಬಂದವನಿಗೆ ಮೊದಲ ಹನ್ನೊಂದರಲ್ಲಿ ಜಾಗ ಸಿಕ್ಕಿ ನಿಮ್ಮ ಮಗ ಬದಲಿ ಆಟಗಾರನಾಗಿ ಕೂತರೆ ಅದು ತಾರತಮ್ಯವಲ್ಲ, ಆಟದ ಲೆಕ್ಕ. ಇದನ್ನು ಮಗುವಿಗೆ ಮುಂಚೆಯೇ ಹೇಳಿರಿ. ಧರ್ಮವನ್ನು ಹಂಗಿಸಿ ಮಾತಾಡಿದರೆ, ಬೇಕೆಂದೇ ಹಬ್ಬದ ದಿನ ಕರೆದು ಶಿಕ್ಷಿಸಿದರೆ ಅದು ಬೇರೆ ವಿಷಯ. ಅಕಾಡೆಮಿಯ ಮುಖ್ಯಸ್ಥರಿಗೆ ಬರೆದು ಕೊಡಿ, ಸರಿಹೋಗದಿದ್ದರೆ ಅಕಾಡೆಮಿ ಬದಲಿಸಿ.

ಹಂತ 7: ಫಾದರ್ ಅಥವಾ ಅಯ್ಯನವರ (ಸಭಾಪಾಲಕರ) ಹತ್ತಿರವೂ ಮಾತಾಡಿ

ಕೋಚ್‌ಗೆ ಕೊಡುವ ಮರ್ಯಾದೆಯನ್ನು ಗುರುಗಳಿಗೆ ಕೊಡದ ಮನೆಗಳಿವೆ. ಅಲ್ಲಿ ಮುಂಚಿತ ಸೂಚನೆ, ಇಲ್ಲಿ ಮೌನ. ಕ್ಯಾಲೆಂಡರ್ ತೆಗೆದುಕೊಂಡು ಹೋಗಿ ತೋರಿಸಿ. ಮೂರು ಪ್ರಶ್ನೆ ಕೇಳಿ. ಧರ್ಮೋಪದೇಶ ಅಥವಾ ಸಂಡೇ ಸ್ಕೂಲಿಗೆ ಕನಿಷ್ಠ ಹಾಜರಿ ಎಷ್ಟು? ತಪ್ಪಿದ ಪಾಠಕ್ಕೆ ವಾರದ ದಿನ ಮನೆಯಲ್ಲಿ ಮಾಡಿಸಬಹುದಾದದ್ದು ಏನಾದರೂ ಇದೆಯೇ? ಯಾವ ಭಾನುವಾರಗಳು ತಪ್ಪಲೇಬಾರದು? ದೃಢೀಕರಣದ ವರ್ಷ ಈ ಮೊದಲ ಪ್ರಶ್ನೆ ಬಹಳ ಮುಖ್ಯ. ಹಾಜರಿ ಸಾಲದೆ ಮುಂದಿನ ವರ್ಷಕ್ಕೆ ಹಾಕಿದರೆಂದು ಆಮೇಲೆ ಗುರುಗಳ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಮಗುವಿಗೆ ಚರ್ಚಿನಲ್ಲಿ ಒಂದು ಕೆಲಸವನ್ನೂ ಕೇಳಿ. ವಾರದ ದಿನದ ಪೂಜೆಗೆ ಪೀಠಸೇವಕನಾಗಿ, ಶನಿವಾರ ಸಂಜೆ ಗಾಯನವೃಂದದಲ್ಲಿ, ತಿಂಗಳಿಗೊಮ್ಮೆ ವಾಚನ ಓದಲು. ಕೆಲಸವಿರುವ ಮಗು ತನ್ನ ಸರದಿ ಬಿಡಲು ಒಪ್ಪುವುದಿಲ್ಲ.

"ಮಗಳು ಕಾಣ್ತಾನೇ ಇಲ್ಲ, ಏನ್ ಸಮಾಚಾರ?" ಎಂದು ಬಾಗಿಲ ಬಳಿ ಕೇಳುವ ಆಂಟಿಯರಿಗೆ "ಸಂಜೆ ಪೂಜೆಗೆ ಬರ್ತಾಳೆ ಆಂಟಿ, ನೀವೂ ಬನ್ನಿ" ಎಂದರೆ ಸಾಕು.

ಹಂತ 8: ಬೇರೆ ಊರಿನ ಟೂರ್ನಿಯ ಭಾನುವಾರ

ರೂಮು ಬುಕ್ ಮಾಡುವಾಗಲೇ ಚರ್ಚನ್ನೂ ಹುಡುಕಿ. ಮೈಸೂರಿನ ಸಂತ ಫಿಲೋಮಿನಾ, ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯ, ಮಂಗಳೂರಿನ ರೊಸಾರಿಯೊ, ಬೆಳಗಾವಿ ಕ್ಯಾಂಪಿನ ಫಾತಿಮಾ ಪ್ರಧಾನಾಲಯ, ಸಿಎಸ್‌ಐನವರಿಗೆ ಮಂಗಳೂರು ಬಲ್ಮಠದ ಶಾಂತಿ ಕೆಥೆಡ್ರಲ್, ಹುಬ್ಬಳ್ಳಿ-ಧಾರವಾಡದಲ್ಲಿ ಬಾಸೆಲ್ ಮಿಷನ್ ಕಾಲದ ಚರ್ಚುಗಳು. ಸಣ್ಣ ಊರುಗಳಲ್ಲಿ ಭಾನುವಾರ ಒಂದೇ ಪೂಜೆ ಇರುತ್ತದೆ, ಇಂಟರ್‌ನೆಟ್ಟಿನಲ್ಲಿರುವ ಸಮಯ ಎಷ್ಟೋ ಸಲ ಹಳೆಯದು. ಶನಿವಾರ ಫೋನು ಮಾಡಿ ಕೇಳಿ. ಎರಡು ಮೂರು ಕ್ರೈಸ್ತ ಮನೆಗಳು ಒಂದೇ ತಂಡದಲ್ಲಿದ್ದರೆ ಒಂದೇ ಆಟೋದಲ್ಲಿ ಹೋಗಿಬನ್ನಿ.

ಆಗಲೇ ಇಲ್ಲ ಎಂದರೆ ರೂಮಿನಲ್ಲೇ ಕಾಲು ಗಂಟೆ ಕುಟುಂಬ ಪ್ರಾರ್ಥನೆ: ಒಂದು ಕೀರ್ತನೆ, ಆ ಭಾನುವಾರದ ಶುಭಸಂದೇಶ, ಪರಲೋಕ ಮಂತ್ರ. ಸಂಹಿತೆಯೂ ಪೂಜೆ ಸಾಧ್ಯವಾಗದಾಗ ಕುಟುಂಬವಾಗಿ ಪ್ರಾರ್ಥಿಸಲು ಹೇಳುತ್ತದೆ. ಓದಲು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 9ನೇ ಅಧ್ಯಾಯ, 24ರಿಂದ 27 ಚೆನ್ನಾಗಿ ಹೊಂದುತ್ತದೆ. ಪೌಲರು ಅಲ್ಲಿ ಓಟ, ಗುದ್ದಾಟ, ಬಾಡಿಹೋಗುವ ಜಯಮಾಲೆಯ ಮಾತಾಡುತ್ತಾರೆ. ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು, ಆ ಓದುಗರಿಗೆ ಅದು ಕಣ್ಣೆದುರಿನ ಚಿತ್ರ. ಮೈದಾನದಲ್ಲಿ ಎಲ್ಲರ ನಡುವೆ ಗಟ್ಟಿಯಾಗಿ ಪ್ರಾರ್ಥಿಸಿ ಮಗುವಿಗೆ ಮುಜುಗರ ತರಿಸಬೇಡಿ, ವಾರ್ಮ್‌ಅಪ್ ಹೊತ್ತಿನಲ್ಲಂತೂ ಬೇಡ.

ಇನ್ನೊಂದು ಮಗು ಮನೆಯಲ್ಲಿದ್ದರೆ ಅದನ್ನು ಪ್ರತಿ ವಾರ ಸ್ಟೇಡಿಯಂ ಮೆಟ್ಟಿಲ ಮೇಲೆ ಕೂರಿಸಬೇಡಿ. ಒಬ್ಬರು ಟೂರ್ನಿಗೆ, ಒಬ್ಬರು ಚರ್ಚಿಗೆ, ಮುಂದಿನ ವಾರ ಅದಲು ಬದಲು. ಯಾವಾಗಲೂ ಅಪ್ಪನೇ ಮೈದಾನ, ಅಮ್ಮನೇ ಚರ್ಚು ಎಂದಾದರೆ ಗಂಡುಮಕ್ಕಳು ಅದರಿಂದ ಕಲಿಯುವ ಪಾಠ ಏನು ಎಂದು ಯೋಚಿಸಿ.

ಹಂತ 9: ವಯಸ್ಸಿನ ಪ್ರಮಾಣಪತ್ರ

ಚರ್ಚಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಅಂಡರ್-14, ಅಂಡರ್-16ರ ಆಟಗಳಲ್ಲಿ ಒಂದಲ್ಲ ಒಂದು ದಿನ ಯಾರಾದರೂ ಬಂದು "ಹುಟ್ಟಿದ ವರ್ಷ ಒಂದು ಮುಂದಕ್ಕೆ ಹಾಕಿಸಿ, ಎಲ್ಲರೂ ಮಾಡ್ತಾರೆ" ಎನ್ನುತ್ತಾರೆ. ಬಿಸಿಸಿಐ ಹದಿನಾರರೊಳಗಿನ ಹುಡುಗರಿಗೆ ಟಿಡಬ್ಲ್ಯು-3 ಎಂಬ ಪರೀಕ್ಷೆ ಮಾಡಿಸುತ್ತದೆ. ಅಂಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ನೋಡಿ ಮೂಳೆಯ ವಯಸ್ಸು ಅಂದಾಜು ಮಾಡುವ ವಿಧಾನ ಅದು. ಸಿಕ್ಕಿಬಿದ್ದರೆ ನಿಷೇಧ ಬೀಳುವುದು ಮಗುವಿಗೆ. ನಿಮ್ಮ ಮಗುವಿನ ಜನನ ದಿನಾಂಕ ಚರ್ಚಿನ ಸ್ನಾನದೀಕ್ಷೆಯ ದಾಖಲೆಯಲ್ಲೂ ಇದೆ, ಪೀಠದ ಮುಂದೆ ನಿಂತು ಬರೆಸಿದವರು ನೀವೇ. ನಿಯಮದಂತೆ ಆಡದವನಿಗೆ ಜಯಮಾಲೆ ಇಲ್ಲ ಎನ್ನುವ ಮಾತು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿದೆ. ವರ್ಷದ 52 ಭಾನುವಾರವೂ ತಪ್ಪದೆ ಚರ್ಚಿಗೆ ಬಂದು ಈ ಕಾಗದಕ್ಕೆ ಸಹಿ ಹಾಕುವುದಕ್ಕಿಂತ, ನಾಲ್ಕು ಭಾನುವಾರ ತಪ್ಪಿಸಿ ನಿಜವಾದ ವಯಸ್ಸಿನಲ್ಲಿ ಆಡುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 10: ವರ್ಷಕ್ಕೆರಡು ಸಲ ಕೂತು ನೋಡಿ

ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ. ನಿಯಮ ನಡೆಯಿತೇ, ಎಲ್ಲಿ ಮುರಿಯಿತು, ಈಗ ಏನು ಬದಲಾಗಬೇಕು? ಮಗು ಜಿಲ್ಲಾ ಮಟ್ಟದಿಂದ ರಾಜ್ಯ ಮಟ್ಟಕ್ಕೆ ಹೋಗಿದ್ದರೆ ಹಳೆಯ ನಿಯಮ ಸಾಲದು. ಆಟದ ಆಸಕ್ತಿ ಇಳಿದಿದ್ದರೆ ಬರೀ ಕಟ್ಟಿದ ಫೀಸಿಗಾಗಿ ಭಾನುವಾರ ಕೊಡುವುದೂ ಬೇಡ. ಹದಿನಾರು ದಾಟಿದ ಮೇಲೆ ನಿಯಮದ ಪೆನ್ನು ಬಹುಮಟ್ಟಿಗೆ ಅವರ ಕೈಯಲ್ಲೇ ಇರಲಿ.

ಎರಡು ಸೂಚನೆಗಳನ್ನು ಗಮನಿಸಿ. ಪಂದ್ಯವಿಲ್ಲದ ಭಾನುವಾರವೂ ಮಗು "ಪ್ರಾಕ್ಟೀಸ್ ಇದೆ" ಎಂದು ಚರ್ಚು ತಪ್ಪಿಸಿಕೊಳ್ಳುತ್ತಿದ್ದರೆ ಆಟವನ್ನು ದೂರಬೇಡಿ. ಸಂಡೇ ಸ್ಕೂಲಿನಲ್ಲಿ ಏನೋ ಸರಿಯಿಲ್ಲದಿರಬಹುದು, ಗೆಳೆಯರಿಲ್ಲದಿರಬಹುದು, ಅಥವಾ ಅವನಿಗೆ ಉತ್ತರ ಸಿಗದ ಪ್ರಶ್ನೆಗಳಿರಬಹುದು. ಅದನ್ನು ಕೇಳಿ.

ಇದರ ಉಲ್ಟಾ ಕೂಡ ಆಗುತ್ತದೆ, ಅದನ್ನು ತಂದೆತಾಯಿಗಳು ಭಕ್ತಿ ಎಂದುಕೊಂಡು ಖುಷಿಪಡುತ್ತಾರೆ. ಇದ್ದಕ್ಕಿದ್ದಂತೆ ಮಗು "ನಾನು ಪಂದ್ಯಕ್ಕೆ ಬರಲ್ಲ, ಚರ್ಚಿಗೇ ಹೋಗ್ತೀನಿ" ಎನ್ನತೊಡಗಿದರೆ ಮೊದಲು ಅಕಾಡೆಮಿಯಲ್ಲಿ ಏನಾಗುತ್ತಿದೆ ಎಂದು ವಿಚಾರಿಸಿ. ಯಾರಾದರೂ ಹೊಡೆಯುತ್ತಾರೆಯೇ, ಎಲ್ಲರೆದುರು ಹೀಯಾಳಿಸುತ್ತಾರೆಯೇ, ಮೈಮುಟ್ಟಿ ತೊಂದರೆ ಕೊಡುತ್ತಾರೆಯೇ, ನೋವಿದ್ದರೂ ಆಡಿಸುತ್ತಾರೆಯೇ? ಚರ್ಚಿನಿಂದ ಬರುವಾಗ, ಇಬ್ಬರೇ ಇರುವಾಗ, ಅವಸರವಿಲ್ಲದೆ ಕೇಳಿ. ಇಂಥದ್ದೇನಾದರೂ ಹೇಳಿದರೆ ಅಂದೇ ತರಬೇತಿ ನಿಲ್ಲಿಸಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ.